ನೆಹೆಮೀಯ ವಾಲಿಂಗ್ಟನ್ನನ ಕೈಬರಹದ ಪುಸ್ತಕಗಳು

ಇಂಗ್ಲೆಂಡಿನ 17ನೆಯ ಶತಮಾನದ ಕ್ರೈಸ್ತ ಭಕ್ತರಲ್ಲಿ ಕನ್ನಡ ವಾಚಕರಿಗೆ ಬಹುಕಾಲದಿಂದ ಪರಿಚಿತನಾದವನು ಜಾನ್ ಬನ್ಯನ್. 1678ರಲ್ಲಿ ಪ್ರಕಟವಾದ ಅವನ ಯಾತ್ರಿಕನ ಕಥೆಯು 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ಬಾಸೆಲ್ ಮಿಷನ್ನಿನವರ ಶ್ರಮದಿಂದ ಕನ್ನಡಕ್ಕೆ ಇಳಿಯಿತು. ಪಾತ್ರೆಗಳಿಗೆ ಬೆಸುಗೆ ಹಾಕಿ ಜೀವಿಸುತ್ತಿದ್ದ ಬನ್ಯನ್ನನು ಸಾಮಾನ್ಯರ ನಡುವಿನಿಂದ ಬಂದವನೇ ಆದರೂ ಉಪದೇಶಕನಾಗಿ, ಸೆರೆಯಾಳಾಗಿ, ಗ್ರಂಥಕರ್ತನಾಗಿ ಅಸಾಮಾನ್ಯನಾದನು. ಅವನಂತೆಯೇ ಕಸುಬಿನಿಂದ ಹೊಟ್ಟೆ ಹೊರೆಯುತ್ತ, ಆದರೆ ಉಪದೇಶಪೀಠವನ್ನೇರದೆ, ಒಂದು ಪುಸ್ತಕವನ್ನೂ ಅಚ್ಚು ಹಾಕಿಸದೆ, ಅಂಗಡಿಯಲ್ಲಿಯೇ ಆಯುಷ್ಯವನ್ನು ಕಳೆದ ಕ್ರೈಸ್ತನೊಬ್ಬನು ತನ್ನ ದೇವರನ್ನೂ ತನ್ನ ನಿತ್ಯದ ಬಾಳನ್ನೂ ಕುರಿತು ಏನೆಂದುಕೊಳ್ಳುತ್ತಿದ್ದನು? ಈ ಪ್ರಶ್ನೆಗೆ ಉತ್ತರವು ದುರ್ಲಭ. ಅಂಥವರು ಬರೆದಿಡುವುದೇ ವಿರಳ. ಬರೆದರೂ ಅದು ಉಳಿದು ಬರುವುದು ಇನ್ನೂ ವಿರಳ. ಲಂಡನ್ ನಗರದಲ್ಲಿ ಮರ ಕಡೆಯುವ ಕಸುಬನ್ನು ನಡೆಸುತ್ತಿದ್ದ ನೆಹೆಮೀಯ ವಾಲಿಂಗ್ಟನ್ ಎಂಬವನ ಕೈಬರಹದ ಪುಸ್ತಕಗಳು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತವೆ. ಅವುಗಳ ಸ್ವರೂಪವೇನು, ಅವುಗಳಿಂದ ಇತಿಹಾಸಕಾರನು ಯಾವುದನ್ನು ತಿಳಿಯಬಹುದು, ಯಾವುದನ್ನು ತಿಳಿದೆನೆಂದು ಭ್ರಮಿಸಬಾರದು ಎಂಬುದು ಪ್ರಕೃತ ಲೇಖನದ ವಿಷಯವಾಗಿದೆ.

ವಾಲಿಂಗ್ಟನ್ನನು ಕ್ರಿ. ಶ. 1598ನೆಯ ಇಸವಿಯ ಮೇ ತಿಂಗಳ 12ನೆಯ ತಾರೀಖು ಲಂಡನ್ನಿನ ಈಸ್ಟ್‌ಚೀಪ್ ಎಂಬ ಬೀದಿಯಲ್ಲಿ, ಸೇಂಟ್ ಲೆನರ್ಡ್ ದೇವಾಲಯದ ವಠಾರದಲ್ಲಿ ಹುಟ್ಟಿದನು. ತಂದೆಯಾದ ಜಾನ್ ವಾಲಿಂಗ್ಟನ್ನನೂ ಮರ ಕಡೆಯುವವನೇ. ಹನ್ನೆರಡು ಮಕ್ಕಳ ಸಂಸಾರದಲ್ಲಿ ನೆಹೆಮೀಯನು ಹತ್ತನೆಯವನು. 1603ರಲ್ಲಿ, ಹುಡುಗನಿಗೆ ಐದು ವರ್ಷವಾಗಿದ್ದಾಗ, ತಾಯಿ ತೀರಿಕೊಂಡಳು. 1620ರಲ್ಲಿ ಅವನು ಮರ ಕಡೆಯುವವರ ಸಂಘಕ್ಕೆ ಸೇರಿ ಸ್ವತಂತ್ರವಾಗಿ ಕಸುಬು ನಡೆಸುವ ಅಧಿಕಾರವನ್ನು ಪಡೆದನು. 1621ರಲ್ಲಿ ಗ್ರೇಸ್ ರಾಂಪೇನ್ ಎಂಬವಳನ್ನು ಮದುವೆಯಾದನು. ಅದೇ ಬೀದಿ, ಅದೇ ದೇವಾಲಯ, ಅದೇ ಕಸುಬು. 1658ರಲ್ಲಿ ಮೃತನಾಗುವವರೆಗೆ ಅವನ ಜೀವನದ ಎಲ್ಲೆಗಳು ಇಷ್ಟೇ. ಬಟ್ಟಲು, ಮರದ ತಟ್ಟೆ, ಸೌಟು, ಕುರ್ಚಿಯ ಕಾಲು ಮೊದಲಾದುವನ್ನು ಕಡೆದು ಮಾರುವ ಈ ಕಸುಬು ಲಂಡನ್ನಿನ ವೃತ್ತಿಗಳಲ್ಲಿ ಶ್ರೀಮಂತವಾದುದೇನೂ ಅಲ್ಲ. ಇವರ ಸಂಘಕ್ಕೆ ರಾಜಶಾಸನ ದೊರೆತುದು 1604ರಷ್ಟು ತಡವಾಗಿ. ಬಟ್ಟೆಯ ವರ್ತಕರಿಗೂ ಅಕ್ಕಸಾಲೆಗಳಿಗೂ ನಗರದಲ್ಲಿದ್ದ ಗೌರವದ ಮುಂದೆ ಇವರದು ತೀರ ಕೆಳಗಿನ ಪಂಕ್ತಿ.

ಇಂಥ ಮನುಷ್ಯನು 1618ರಿಂದ 1654ರ ವರೆಗೆ ಐವತ್ತು ಪುಸ್ತಕಗಳನ್ನು ತನ್ನ ಕೈಯಿಂದಲೇ ಬರೆದನು. ಈ ಸಂಖ್ಯೆಯು ಊಹೆಯದಲ್ಲ; 1654ರಲ್ಲಿ ಅವನು ತನ್ನ ಬರಹಗಳನ್ನೆಲ್ಲ ಮತ್ತೊಮ್ಮೆ ಓದಿ, ಅವುಗಳ ಪಟ್ಟಿಯನ್ನೂ ಸಾರವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟನು. ಅವುಗಳಲ್ಲಿ ಈಗ ಉಳಿದಿರುವುವು ಏಳು ಮಾತ್ರ. ದೇವರ ಕೃಪೆಗಳನ್ನು ನೆನೆದು ಬರೆದುದೊಂದು, ಪಾಪಿಗಳ ಮೇಲೆ ಬಂದೆರಗಿದ ದೈವದಂಡನೆಗಳನ್ನು ಸಂಗ್ರಹಿಸಿದುದೊಂದು, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಕಲಹವನ್ನು ಕುರಿತುದೊಂದು, 1641ರಲ್ಲಿ ಆರಂಭಿಸಿದ, ಕ್ರೈಸ್ತನೊಬ್ಬನ ಬೆಳವಣಿಗೆಯನ್ನು ದಿನದಿನಕ್ಕೆ ಗುರುತಿಸುವುದೊಂದು, ಕಾಗದಗಳ ನಕಲುಗಳದೊಂದು, ಹೀಗೆ ಅವುಗಳ ವಿಷಯವು ಬೇರೆಬೇರೆ. ಮೊದಲು ಅಚ್ಚಾದುದು ಯಾವುದೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. 1869ರಲ್ಲಿ ಎರಡು ಸಂಪುಟಗಳಾಗಿ ಲಂಡನ್ನಿನಲ್ಲಿ ಹೊರಬಂದುದು ಮೊದಲನೆಯ ಚಾರ್ಲ್ಸನ ಕಾಲದ ರಾಜಕೀಯ ವೃತ್ತಾಂತಗಳುಳ್ಳ ಪುಸ್ತಕವು. ಮನೆ, ಮಗು, ಅಂಗಡಿ, ಸಾಲ, ನಿದ್ದೆ, ಕೋಪ ಇವುಗಳ ವಿಚಾರವಾದ ಪುಸ್ತಕಗಳು ಹಸ್ತಪ್ರತಿಗಳಾಗಿಯೇ ಉಳಿದುವು. ಪಾಲ್ ಸೀವರ್ ಎಂಬ ವಿದ್ವಾಂಸನು ಏಳು ಪುಸ್ತಕಗಳನ್ನೂ ಒಟ್ಟಿಗೆ ಇಟ್ಟುಕೊಂಡು ವಾಲಿಂಗ್ಟನ್ನನ ಪ್ರಪಂಚವನ್ನು ಚಿತ್ರಿಸಿದುದು 1985ರಲ್ಲಿ. ಡೇವಿಡ್ ಬೂಯ್ ಎಂಬವನು ಅವುಗಳ ಆಯ್ದ ಭಾಗಗಳನ್ನು ಸಂಪಾದಿಸಿ ಪ್ರಕಟಿಸಿದುದು 2007ರಲ್ಲಿ. ಅರಸರ ಹೆಸರು ಬರುವ ಪುಟವೇ ಇತಿಹಾಸ, ಉಳಿದುದು ಮನೆವಾರ್ತೆ ಎಂಬ ಭಾವನೆಯಿಂದ ವಾಲಿಂಗ್ಟನ್ನನು ನೂರು ವರ್ಷಕ್ಕೂ ಮಿಗಿಲಾಗಿ ಅರ್ಧಮುಖದವನಾಗಿಯೇ ಉಳಿದನು. ರಾಜಕೀಯ ವಿಷಯದಲ್ಲಿ ಅವನು ತಿಳಿದುದು ಲಂಡನ್ನಿನ ಇತರ ಸಾವಿರ ಜನರು ತಿಳಿದುದಕ್ಕಿಂತ ಹೆಚ್ಚೇನೂ ಅಲ್ಲ. ಅವನು ಒಬ್ಬನೇ ಹೇಳಬಲ್ಲ ಮಾತುಗಳು ಆ ಅಚ್ಚಾಗದ ಪುಟಗಳಲ್ಲಿದ್ದುವು.

ಅವನು ಬರೆಯುವುದಕ್ಕೆ ತೊಡಗಿದುದು ಸುಖದ ದಿನಗಳಲ್ಲಿ ಅಲ್ಲ. ಆ ಕಾಲದ ಪ್ಯೂರಿಟನ್ನರ, ಅಂದರೆ ಶುದ್ಧಾಚಾರವಾದಿಗಳ, ಮತದಂತೆ ದೇವರು ಸೃಷ್ಟಿಗೆ ಮುಂಚಿತವಾಗಿಯೇ ಕೆಲವರನ್ನು ರಕ್ಷಣೆಗೆ ಆರಿಸಿಕೊಂಡಿರುತ್ತಾನೆ. ಮನುಷ್ಯನ ಯಾವ ಪುಣ್ಯಕಾರ್ಯವೂ ಆ ಆಯ್ಕೆಯನ್ನು ಬದಲಾಯಿಸಲಾರದು. ಆರಿಸಲ್ಪಟ್ಟವರಲ್ಲಿ ತಾನೊಬ್ಬನೋ ಅಲ್ಲವೋ ಎಂಬುದನ್ನು ಪ್ರತಿಯೊಬ್ಬನೂ ತನ್ನ ಹೃದಯದಲ್ಲಿ, ನಡತೆಯಲ್ಲಿ, ತನಗೊದಗುವ ಸುಖದುಃಖಗಳಲ್ಲಿ ಹುಡುಕಿಕೊಳ್ಳಬೇಕು. ರೋಮಿನ ಸಂಪ್ರದಾಯದ ಕ್ರೈಸ್ತನಿಗೆ ಪಾಪವನ್ನು ಹೇಳಿಕೊಂಡು ಕ್ಷಮೆಯ ಮಾತನ್ನು ಕೇಳಿ ಬರಲು ಗುರುವಿದ್ದನು. ಪ್ಯೂರಿಟನ್ನನಿಗೆ ಅದಿಲ್ಲ. ಅನೇಕರಿಗೆ ಕಾಗದವೇ ಆ ಸ್ಥಾನದಲ್ಲಿ ನಿಂತಿತು. ಯುವಕನಾದ ವಾಲಿಂಗ್ಟನ್ನನು ಈ ಹುಡುಕಾಟದಲ್ಲಿ ತಾನು ಪರಿತ್ಯಕ್ತನೆಂದೇ ನಿಶ್ಚಯಿಸಿಕೊಂಡನು. ಇಪ್ಪತ್ತು ವರ್ಷದ ಸುಮಾರಿನಲ್ಲಿ ಅವನು ಪ್ರಾಣವನ್ನೇ ಕಳೆದುಕೊಳ್ಳಲು ಹಲವು ಸಲ ಹವಣಿಸಿ, ಪ್ರತಿಸಲವೂ ಬದುಕಿ ಉಳಿದನು. ಈ ಸಂಗತಿಯನ್ನು ಮುಂದೆ ಅವನು ಸಂಕೋಚವಿಲ್ಲದೆ, ವಿವರವಾಗಿ ಬರೆದಿಟ್ಟಿದ್ದಾನೆ. ಏಕೆಂದರೆ ತಾನು ಉಳಿದುದು ತನ್ನಿಂದಲ್ಲ ಎಂಬುದನ್ನು ತೋರಿಸುವುದು ಅವನ ಉದ್ದೇಶವಾಗಿತ್ತು. ವಾಚಕರು ನೆನಪಿನಲ್ಲಿಡಬೇಕಾದ ಒಂದು ಎಚ್ಚರಿಕೆಯೂ ಇಲ್ಲಿಯೇ ಹುಟ್ಟುತ್ತದೆ: ಆ ಕಾಲದ ಸಂಕಟದ ವರ್ಣನೆಯು ಆಗಲೇ ಬರೆದುದಲ್ಲ, ವರ್ಷಗಳ ಮೇಲೆ, ಪಾರಾದ ಮೇಲೆ, ಕೃಪೆಯ ಕಥೆಯ ಮೊದಲ ಅಧ್ಯಾಯವಾಗಿ ಬರೆದುದು. ಸಂಕಟವು ಸುಳ್ಳೆಂದು ಇದರ ಅರ್ಥವಲ್ಲ. ಅದಕ್ಕೆ ಕೊಟ್ಟಿರುವ ಆಕಾರವು ಅನಂತರದ್ದು, ಅಷ್ಟೇ.

1620ರಲ್ಲಿ ಅವನು ತನ್ನ ನಡತೆಯನ್ನು ತಿದ್ದಿಕೊಳ್ಳುವುದಕ್ಕಾಗಿ ಮೂವತ್ತು ನಿಯಮಗಳನ್ನು ಬರೆದುಕೊಂಡನು. ನಿಯಮವನ್ನು ಮೀರಿದರೆ ಬಡವರ ಪೆಟ್ಟಿಗೆಗೆ ಇಷ್ಟು ಕಾಸು ದಂಡವೆಂಬ ಕಟ್ಟಳೆಯೂ ಅದರೊಡನೆ ಇತ್ತು. ಹೊತ್ತು ಮೀರಿ ಮಲಗುವುದು, ಕೋಪಿಸಿಕೊಳ್ಳುವುದು, ಸುಳ್ಳಾಡುವುದು, ಪ್ರಾರ್ಥನೆಯಲ್ಲಿ ಮನಸ್ಸು ಅಲೆಯುವುದು, ಇವೆಲ್ಲವೂ ಆ ಪಟ್ಟಿಗೆ ಸೇರಿದುವು. ಮದುವೆಯಾದ ಮೇಲೆ ಇದು ಅವನೊಬ್ಬನ ವ್ರತವಾಗಿ ಉಳಿಯದೆ ಮನೆಯ ಕಟ್ಟಳೆಯಾಯಿತು. ಹೆಂಡತಿಯೂ ಅಂಗಡಿಯ ಆಳುಗಳೂ ನಿಯಮಗಳ ಕೆಳಗೆ ತಮ್ಮ ಒಪ್ಪಿಗೆಯ ರುಜು ಹಾಕಿದರು. 1631ರ ಹೊತ್ತಿಗೆ ಅವನ ಸ್ವಂತ ನಿಯಮಗಳ ಸಂಖ್ಯೆಯು ಎಪ್ಪತ್ತೇಳಕ್ಕೆ ಏರಿತು. ಮೂವತ್ತು ನಿಯಮಗಳನ್ನು ನೆಮ್ಮದಿಯಾಗಿ ಪಾಲಿಸಿದವನಿಗೆ ಎಪ್ಪತ್ತೇಳು ಬೇಕಾಗುತ್ತಿರಲಿಲ್ಲ. ಪಟ್ಟಿಯು ಬೆಳೆದುದು ಸೋಲು ಬೆಳೆದುದರ ಗುರುತು. ಒಂದು ಶತಮಾನದ ತರುವಾಯ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆಯನ್ನಿಟ್ಟು, ಕಡೆಗೆ ತಾನು ಪೂರ್ಣನಾಗದಿದ್ದರೂ ಮೊದಲಿಗಿಂತ ಮೇಲಾದೆನೆಂದು ಸಮಾಧಾನಪಟ್ಟುಕೊಂಡನು. ವಾಲಿಂಗ್ಟನ್ನನಿಗೆ ಅಂಥ ಸಮಾಧಾನವು ಲಭಿಸಲಿಲ್ಲ. ಲೆಕ್ಕವಿಡುವ ಕ್ರಮವು ಇಬ್ಬರಲ್ಲಿಯೂ ಒಂದೇ ಬಗೆಯದು. ಒಬ್ಬನಿಗೆ ಲೆಕ್ಕವು ಸರಿಹೋಗುತ್ತ ಬಂದಿತು, ಇನ್ನೊಬ್ಬನಿಗೆ ಎಷ್ಟು ಕೂಡಿದರೂ ಕೊರತೆಯೇ ನಿಂತಿತು.

ಅವನ ಅಂಗಡಿಯ ವಿಚಾರಕ್ಕೆ ಬಂದರೆ, ಈ ಪುಸ್ತಕಗಳ ಅತ್ಯಂತ ಅಪೂರ್ವವಾದ ಭಾಗಕ್ಕೆ ಬಂದಂತಾಯಿತು. ಪ್ಯೂರಿಟನ್ ಉಪದೇಶಕರು ಪ್ರತಿಯೊಬ್ಬನ ಕಸುಬೂ ದೇವರು ಅವನನ್ನು ಕರೆದು ನಿಲ್ಲಿಸಿದ ಸ್ಥಾನವೆಂದು ಬೋಧಿಸುತ್ತಿದ್ದರು. ಅದನ್ನು ಕೇಳುವುದು ಸುಲಭ. ಮರದ ಬಟ್ಟಲನ್ನು ಮಾರುತ್ತ ಅದನ್ನು ನಂಬುವುದು ಕಷ್ಟ. ವಾಲಿಂಗ್ಟನ್ನನು ಬೆಳಗಾಗುವುದಕ್ಕೆ ಬಹಳ ಮುಂಚೆ, ನಗರವೆಲ್ಲ ಮಲಗಿರುವಾಗ, ಎದ್ದು ಓದಿ ಬರೆಯುತ್ತಿದ್ದನು. ವಾರದ ದಿನಗಳಲ್ಲಿಯೂ ಉಪದೇಶಗಳನ್ನು ಕೇಳಲು ಹೋಗುತ್ತಿದ್ದನು. ಅಂಗಡಿಯಲ್ಲಿ ಕುಳಿತಾಗ ಪ್ರಾರ್ಥನೆಯನ್ನು ಕಡೆಗಣಿಸಿದೆನಲ್ಲಾ ಎಂದು ಕೊರಗು. ಪ್ರಾರ್ಥನೆಗೆ ಹೋದಾಗ ದೇವರು ಕೊಟ್ಟ ಕಸುಬನ್ನು ಕಡೆಗಣಿಸಿದೆನಲ್ಲಾ ಎಂದು ಕೊರಗು. ಗಿರಾಕಿಗಳು ಬಾರದ ದಿನಗಳಲ್ಲಿ ಕೊಡಬೇಕಾದವರಿಗೆ ಹಣವನ್ನು ಎಲ್ಲಿಂದ ತರುವುದೆಂಬ ಚಿಂತೆ. ಅಂಥ ಸಮಯದಲ್ಲಿ ದೇವರನ್ನು ಬೇಡಿಕೊಂಡು ಅಂಗಡಿಯಲ್ಲಿ ಕಾದಿರಲು, ಬೇಕಾದಷ್ಟು ಮಾತ್ರ ವ್ಯಾಪಾರವಾಗಿ ಸಾಲ ತೀರಿದ ಸಂದರ್ಭಗಳನ್ನು ಅವನು ಕೃಪೆಯ ಪುಸ್ತಕದಲ್ಲಿ ದಾಖಲೆ ಮಾಡಿದ್ದಾನೆ. ಅಲ್ಲಿ ಗಮನಿಸಬೇಕಾದುದು ಆ "ಬೇಕಾದಷ್ಟು ಮಾತ್ರ" ಎಂಬುದನ್ನೇ. ಅವನು ದೇವರ ಕೈಯನ್ನು ಕಾಣುವುದು ಲಾಭದಲ್ಲಿ ಅಲ್ಲ, ಮುಳುಗದೆ ಉಳಿದುದರಲ್ಲಿ. ಅಂಗಡಿಯ ಆಳೊಬ್ಬನು ಬಹುಕಾಲ ಹಣವನ್ನು ಕದಿಯುತ್ತಿದ್ದುದು ಬೆಳಕಿಗೆ ಬಂದಾಗಲೂ ಕಳ್ಳನ ಮೇಲಿನ ಕೋಪದೊಡನೆ ತನ್ನ ಮೇಲಿನ ಸಂಶಯವೂ ಅವನನ್ನು ಕಾಡಿತು: ಯಾವ ತಪ್ಪಿಗಾಗಿ ದೇವರು ಇದಕ್ಕೆ ಎಡೆಗೊಟ್ಟನು?

1625ರಲ್ಲಿ ಲಂಡನ್ನಿಗೆ ಮಹಾಮಾರಿ ಬಂದಿತು. ಆ ಒಂದೇ ವರ್ಷದಲ್ಲಿ ನಗರದ ಮರಣಪಟ್ಟಿಗಳಲ್ಲಿ 35,000ಕ್ಕಿಂತ ಹೆಚ್ಚು ಸಾವುಗಳು ಈ ರೋಗದ ಹೆಸರಿನಲ್ಲಿ ದಾಖಲಾಗಿವೆ. ವಾಲಿಂಗ್ಟನ್ನನ ಹಿರಿಯ ಮಗಳಾದ ಎಲಿಜಬೆತ್ತಳು ಅಕ್ಟೋಬರ್ ತಿಂಗಳಲ್ಲಿ ಅದಕ್ಕೆ ತುತ್ತಾದಳು. ಅವಳಿಗೆ ಆಗ ಮೂರು ವರ್ಷ. ರೋಗವು ಹತ್ತಿದ ಸಮಯದಲ್ಲಿ ಮಗುವು ತಂದೆಯೊಡನೆ ಆಡಿದ ಕಡೆಯ ಮಾತನ್ನು ಅವನು ಬರೆದಿಟ್ಟಿದ್ದಾನೆ. ನಾಳೆ ತಾನು ಹೊರಗೆ ಹೋಗಿ ಅಪ್ಪನಿಗೆ ಹಣ್ಣಿನ ಕಡುಬನ್ನು ಕೊಂಡುತರುವೆನೆಂದು ಮಗುವು ಹೇಳಿತು. ಧರ್ಮದ ಸೋಂಕೇ ಇಲ್ಲದ, ಯಾವ ದೈವಸೂಚನೆಯನ್ನೂ ಒಳಗೊಳ್ಳದ ಮಾತು ಅದು. ಪ್ರತಿಯೊಂದು ಘಟನೆಯಿಂದಲೂ ಒಂದು ಪಾಠವನ್ನು ಹಿಂಡಿ ತೆಗೆಯುವ ಅಭ್ಯಾಸವಿದ್ದ ಆ ಮನುಷ್ಯನು ಈ ಮಾತಿನಿಂದ ಯಾವ ಪಾಠವನ್ನೂ ತೆಗೆಯಲಿಲ್ಲ. ಸುಮ್ಮನೆ ಬರೆದಿಟ್ಟನು.

ಮಗಳ ಮರಣದಿಂದ ಅವನು ಮೈಮರೆತು ಗೋಳಾಡಿದನು. ದೇವರೊಡನೆ ತಾನು ಮಾಡಿಕೊಂಡಿದ್ದ ಪ್ರತಿಜ್ಞೆಗಳೆಲ್ಲವನ್ನೂ ಆ ದುಃಖದಲ್ಲಿ ಮುರಿದೆನೆಂದೂ, ಯಾರ ಸಮಾಧಾನಕ್ಕೂ ಬಗ್ಗಲಿಲ್ಲವೆಂದೂ ತಾನೇ ಒಪ್ಪಿಕೊಳ್ಳುತ್ತಾನೆ. ಇಲ್ಲಿ ಗ್ರೇಸಳ ಧ್ವನಿಯು ಸ್ಪಷ್ಟವಾಗಿ ಕೇಳಿಬರುತ್ತದೆ. ಆ ಕಾಲದಲ್ಲಿ ನಗರದ ಜನರು ಮಕ್ಕಳನ್ನು ಹಳ್ಳಿಯ ದಾದಿಯರ ಬಳಿ ಸಾಕಲು ಬಿಟ್ಟು, ಕೆಲಕಾಲದ ಮೇಲೆ ಮನೆಗೆ ಕರೆತರುವ ಪದ್ಧತಿಯಿದ್ದಿತು. ದಾದಿಯ ಮನೆಯಿಂದ ಮಗುವನ್ನು ತಂದೆಯ ಮನೆಗೆ ಕರೆದೊಯ್ದರೆ ಅಳುವವರುಂಟೆ, ನಾವು ದಾದಿಯರು, ಅವಳು ಈಗ ತಂದೆಯ ಮನೆಗೆ ಹೋದಳು ಎಂಬ ಅಭಿಪ್ರಾಯದಲ್ಲಿ ಹೆಂಡತಿಯು ಗಂಡನನ್ನು ಗದರಿಸಿ ಸಂತೈಸಿದಳು. ಐವತ್ತು ಪುಸ್ತಕಗಳನ್ನು ಬರೆದವನು ಗಂಡ. ವಿಶ್ವಾಸದ ತಿರುಳನ್ನು ಒಂದು ಮನೆಮಾತಿನಲ್ಲಿ ಹಿಡಿದವಳು ಅವಳು. ಅವಳು ತನ್ನ ಕೈಯಿಂದ ಬರೆದ ಪುಸ್ತಕ ಯಾವುದೂ ಅವುಗಳ ಜೊತೆಯಲ್ಲಿ ಉಳಿದುಬಂದಿಲ್ಲ.

ಎಲಿಜಬೆತ್ತಳ ಹಿಂದೆಯೇ 1626ರಲ್ಲಿ ಜಾನ್, 1627ರಲ್ಲಿ ತಂದೆಯ ಹೆಸರನ್ನೇ ಹೊತ್ತ ನೆಹೆಮೀಯ, 1632ರಲ್ಲಿ ಸಾಮ್ಯುಯೆಲ್, ಹೀಗೆ ಐವರು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಉಳಿದವಳು ಸಾರಾ ಒಬ್ಬಳೇ. ಆಟವಾಡುತ್ತ ಹೋಗಿ ದಾರಿ ತಪ್ಪಿದ ಆ ಮಗುವು ಮತ್ತೆ ಸಿಕ್ಕಿದ ಸಂಗತಿಯು ಕೃಪೆಗಳ ಪಟ್ಟಿಯಲ್ಲಿ ಸೇರಿದೆ. 1977ರಲ್ಲಿ ಲಾರೆನ್ಸ್ ಸ್ಟೋನ್ ಎಂಬ ಪ್ರಸಿದ್ಧ ಇತಿಹಾಸಕಾರನು ಇಂಗ್ಲೆಂಡಿನ ಕುಟುಂಬವನ್ನು ಕುರಿತ ತನ್ನ ಗ್ರಂಥದಲ್ಲಿ, ಶಿಶುಮರಣವು ಅಷ್ಟು ಹೆಚ್ಚಾಗಿದ್ದ ಕಾಲದಲ್ಲಿ ತಂದೆತಾಯಿಗಳು ಮಕ್ಕಳಲ್ಲಿ ಆಳವಾದ ಮಮತೆಯನ್ನು ಇಟ್ಟುಕೊಳ್ಳುತ್ತಿರಲಿಲ್ಲವೆಂಬ ಪಕ್ಷವನ್ನು ಮುಂದಿಟ್ಟನು. ಬಹಳ ಚರ್ಚೆಗೆ ಒಳಗಾದ ಈ ಪಕ್ಷಕ್ಕೆ ವಾಲಿಂಗ್ಟನ್ನನ ಪುಟಗಳಿಗಿಂತ ಬಲವಾದ ಪ್ರತಿಸಾಕ್ಷ್ಯವು ಸಿಕ್ಕುವುದು ಕಷ್ಟ. ಸಾವು ಹೆಚ್ಚಾಗಿದ್ದುದರಿಂದ ದುಃಖವು ಕಡಮೆಯಾಗಿದ್ದಿತೆಂಬುದು ಅಂಕಿಗಳಿಂದ ಹೊರಟ ತರ್ಕ. ಈ ಮನೆಯಲ್ಲಿ ನಡೆದುದು ಬೇರೆ. ಇಲ್ಲಿ ವಿಶ್ವಾಸವು ದುಃಖವನ್ನು ತಡೆಯಲಿಲ್ಲ, ದುಃಖವು ಒಂದು ಅಪರಾಧವೂ ಆಗಿಬಿಟ್ಟಿತು. ಅತ್ತುದಕ್ಕಾಗಿ ಮತ್ತೆ ಪಶ್ಚಾತ್ತಾಪ ಪಡಬೇಕಾದ ಆ ತಂದೆಯ ಭಾರವು ಎರಡು ಪಟ್ಟಾಯಿತೆಂದು ಹೇಳುವುದೇ ಸರಿ.

ಮನೆಯ ಹೊರಗಿನ ಲೋಕವನ್ನು ಅವನು ನೋಡುತ್ತಿದ್ದುದೂ ಇದೇ ಕಣ್ಣಿನಿಂದ. 1633ನೆಯ ಇಸವಿಯ ಫೆಬ್ರವರಿ 11ನೆಯ ತಾರೀಖಿನ ರಾತ್ರಿ ಲಂಡನ್ ಸೇತುವೆಯ ಮೇಲಿನ ಮನೆಗಳಿಗೆ ಬೆಂಕಿ ಬಿದ್ದಿತು. ಆ ಸೇತುವೆಯ ಮೇಲೆ ಎರಡು ಕಡೆಗಳಲ್ಲಿಯೂ ಅಂಗಡಿಗಳೂ ಮನೆಗಳೂ ಒತ್ತಾಗಿ ನಿಂತಿದ್ದುವು. ಸೂಜಿ ಮಾಡುವವನೊಬ್ಬನ ಮನೆಯಲ್ಲಿ, ಆರದ ಬೂದಿಯನ್ನು ಮೆಟ್ಟಿಲ ಕೆಳಗೆ ಇರಿಸಿದುದರಿಂದ ಹೊತ್ತಿಕೊಂಡ ಬೆಂಕಿಯು 40ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಸೇತುವೆಯ ಇತಿಹಾಸವನ್ನು ಬರೆಯುವವರು ಇಂದಿಗೂ ಈ ಅನಾಹುತಕ್ಕೆ ಮುಖ್ಯ ಆಧಾರವಾಗಿ ಉಪಯೋಗಿಸುವುದು ವಾಲಿಂಗ್ಟನ್ನನ ವರ್ಣನೆಯನ್ನೇ. ಮನೆಯು ಸೇತುವೆಗೆ ಸಮೀಪವಾಗಿದ್ದುದರಿಂದ ಅವನು ನೋಡಿದುದನ್ನು ಬರೆದನು. ಆ ಬರಹದಲ್ಲಿ ಬೂದಿ, ಮೆಟ್ಟಿಲು, ಗಂಟೆ, ನೀರಿನ ಅಭಾವ ಇವೆಲ್ಲವೂ ಕೈಗೆ ಸಿಗುವಂತೆ ಇವೆ. ಆದರೆ ಭಾನುವಾರದ ವಿಶ್ರಾಂತಿಯನ್ನು ಮುರಿದವರೂ ಕುಡುಕರೂ ಥಟ್ಟನೆ ಸತ್ತ ಕಥೆಗಳನ್ನು ಅವನು ಸಾಲುಸಾಲಾಗಿ ಸಂಗ್ರಹಿಸಿದ ಪುಸ್ತಕವು ಬೇರೆ ತರಹದ್ದು. ಅವುಗಳಲ್ಲಿ ಬಹುಪಾಲು ಕೇಳಿದುವು, ಅಚ್ಚಾದ ಕಿರುಹೊತ್ತಗೆಗಳಿಂದ ಎತ್ತಿಕೊಂಡುವು. ಪ್ರತ್ಯಕ್ಷವನ್ನೂ ವದಂತಿಯನ್ನೂ ಅವನು ಒಂದೇ ಶ್ರದ್ಧೆಯಿಂದ, ಒಂದೇ ಶಾಯಿಯಿಂದ ಬರೆದಿರುವುದರಿಂದ, ಅವನ ಪ್ರಾಮಾಣಿಕತೆಯು ಅವನ ಮಾತಿನ ಪ್ರಾಮಾಣ್ಯಕ್ಕೆ ಸಾಕ್ಷಿಯಾಗಲಾರದು. ಇವೆರಡನ್ನೂ ಒಂದಾಗಿ ಕಂಡವರು ಎಡವಿದ್ದಾರೆ. ನೆರೆಯವನ ಮನೆಗೆ ಬಿದ್ದ ಸಿಡಿಲು ಪಾಪದ ಫಲವೆಂದೂ, ತನ್ನ ಮಗುವಿಗೆ ಬಂದ ಜ್ವರವು ಪರೀಕ್ಷೆಯೆಂದೂ ಓದುವ ಪಕ್ಷಪಾತವು ಅವನಲ್ಲಿ ಇಲ್ಲದಿಲ್ಲ. ಆದರೆ ತನ್ನ ಮೇಲೆ ಬಂದುದನ್ನೂ ಅವನು ಅನೇಕ ಸಲ ಪಾಪದ ಫಲವೆಂದೇ ಓದುವುದರಿಂದ ಈ ದೋಷವು ಅವನಲ್ಲಿ ಇತರರಿಗಿಂತ ಕಡಮೆ.

ರಾಜಕೀಯವು ಅವನ ಬಾಗಿಲಿಗೂ ಬಂದಿತು. ಬಿಷಪ್ಪರ ಆಡಳಿತವನ್ನು ಖಂಡಿಸುವ ನಿಷಿದ್ಧ ಪುಸ್ತಕಗಳನ್ನು ಇಟ್ಟುಕೊಂಡಿದ್ದನೆಂಬ ಕಾರಣದಿಂದ 1630ರ ದಶಕದ ಕಡೆಯಲ್ಲಿ ಅವನೂ ಅವನ ಅಣ್ಣನಾದ ಜಾನನೂ ನಕ್ಷತ್ರಸದನವೆಂಬ ಉಗ್ರ ನ್ಯಾಯಾಲಯದ ವಿಚಾರಣೆಗೆ ಒಳಗಾದರು. ಇಂಥ ಪುಸ್ತಕಗಳನ್ನು ಬರೆದ ಪ್ರಿನ್, ಬರ್ಟನ್, ಬ್ಯಾಸ್ಟ್‌ವಿಕ್ ಎಂಬ ಮೂವರ ಕಿವಿಗಳನ್ನು ಅದೇ ನ್ಯಾಯಾಲಯವು 1637ರಲ್ಲಿ ಕತ್ತರಿಸಿಹಾಕಿದ್ದಿತು. ಆದಕಾರಣ ಅವನ ಹೆದರಿಕೆಯು ನಿರಾಧಾರವಾದುದಲ್ಲ. ಅವನಿಗೆ ಅಂಥ ಶಿಕ್ಷೆಯೇನೂ ಆಗಲಿಲ್ಲ. 1641ರ ಮೇ ತಿಂಗಳಲ್ಲಿ ಸ್ಟ್ರಾಫರ್ಡ್ ಎಂಬ ಮಂತ್ರಿಗೆ ಮರಣದಂಡನೆ ಆಗಬೇಕೆಂದು ವೆಸ್ಟ್‌ಮಿನ್‌ಸ್ಟರಿಗೆ ನುಗ್ಗಿದ ಜನಸಮೂಹದಲ್ಲಿ ಅವನೂ ಇದ್ದನು. ಅಷ್ಟು ಜನರನ್ನು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲವೆಂದು ಬೆರಗಾಗಿ ಬರೆದಿದ್ದಾನೆ. ಸ್ಟ್ರಾಫರ್ಡನ ತಲೆಯನ್ನು ತೆಗೆದುದು ಮೇ 12ರಂದು, ಅಂದರೆ ವಾಲಿಂಗ್ಟನ್ನನಿಗೆ 43 ವರ್ಷ ತುಂಬಿದ ದಿನ. ಅಂತರ್ಯುದ್ಧವು ಆರಂಭವಾದ ಮೇಲೆ ವಾರವಾರವೂ ಅಚ್ಚಾಗಿ ಬರುತ್ತಿದ್ದ ಸುದ್ದಿಯ ಕಿರುಹೊತ್ತಗೆಗಳು ಅವನ ಮನೆಯಲ್ಲಿ ರಾಶಿಬಿದ್ದುವು. ಒಂದು ದಿನ ಅವುಗಳನ್ನು ನೋಡಿ, ಇವು ತನಗೆ ತಿಳಿಯದಂತೆಯೇ ತನ್ನ ಹಣವನ್ನು ಕದ್ದ ಕಳ್ಳರೆಂದು ಅವನು ಪೇಚಾಡಿಕೊಂಡಿದ್ದಾನೆ. ಆ ಕಾಲದ ವೃತ್ತಪತ್ರಗಳ ಇತಿಹಾಸವನ್ನು ಬರೆಯುವವರಿಗೆ ಈ ಒಂದು ಪಶ್ಚಾತ್ತಾಪದ ಸಾಲು ಬೇರೆ ಅನೇಕ ದಾಖಲೆಗಳಿಗಿಂತ ಬೆಲೆಯುಳ್ಳದ್ದಾಗಿದೆ. ಪಾರ್ಲಿಮೆಂಟಿನ ಪಕ್ಷವು ಗೆದ್ದು, ಲಂಡನ್ನಿನ ದೇವಾಲಯಗಳಲ್ಲಿ ಪ್ರೆಸ್ಬಿಟೀರಿಯನ್ ಪದ್ಧತಿಯು ಜಾರಿಗೆ ಬಂದಾಗ ಅವನು ತನ್ನ ವಠಾರದ ಸಭೆಗೆ ಹಿರಿಯರಲ್ಲೊಬ್ಬನಾಗಿ ಆರಿಸಲ್ಪಟ್ಟನು. ಬಹುಕಾಲದಿಂದ ಬಯಸಿದ ಧರ್ಮರಾಜ್ಯವು ಹತ್ತಿರ ಬಂದಂತೆ ತೋರಿತು. ಆದರೆ ಗೆದ್ದವರು ತಮ್ಮೊಳಗೆ ಒಡೆದು ಹಂಚಿಹೋದರು. ಆ ಹಿರಿತನದಿಂದ ಅವನಿಗೆ ದಕ್ಕಿದುದು ನೆರೆಯವರ ಬೇಸರವೇ ಹೊರತು ನೆಮ್ಮದಿಯಲ್ಲ.

ಪ್ರಾಟೆಸ್ಟಂಟ್ ಮತಕ್ಕೂ ಬಂಡವಾಳದ ವ್ಯವಹಾರಕ್ಕೂ ಇರುವ ಸಂಬಂಧವನ್ನು ಕುರಿತು ಜರ್ಮನಿಯ ಮ್ಯಾಕ್ಸ್ ವೇಬರ್ ಎಂಬ ವಿದ್ವಾಂಸನು 1904-05ರಲ್ಲಿ ಬರೆದ ಪ್ರಬಂಧವು ಲೋಕವಿಖ್ಯಾತವಾದುದು. ರಕ್ಷಣೆಯ ಗುರುತನ್ನು ಹುಡುಕುವ ಪ್ಯೂರಿಟನ್ನನು ಕಸುಬಿನಲ್ಲಿ ಕ್ರಮವಾಗಿ ದುಡಿದು, ಭೋಗಕ್ಕೆ ವೆಚ್ಚ ಮಾಡದೆ, ಹಣವನ್ನು ಕೂಡಿಸಿದನೆಂದು ಸ್ಥೂಲವಾಗಿ ಅವನ ವಾದ. ವೇಬರನ ಆಧಾರಗಳು ಬಹುಮಟ್ಟಿಗೆ ರಿಚರ್ಡ್ ಬ್ಯಾಕ್ಸ್ಟರನಂತಹ ಉಪದೇಶಕರ ಗ್ರಂಥಗಳು ಮತ್ತು ಫ್ರಾಂಕ್ಲಿನ್ನನ ಮಾತುಗಳು. ಅಂದರೆ ಬೋಧಿಸಿದವರ ಬರಹಗಳೇ ಹೊರತು ಬೋಧನೆಯನ್ನು ಕೇಳಿ ಅಂಗಡಿಗೆ ಹಿಂದಿರುಗಿದವರ ಬರಹಗಳಲ್ಲ. ವಾಲಿಂಗ್ಟನ್ನನು ಅಂತಹ ಶ್ರೋತೃ. ಅವನಲ್ಲಿ ಕ್ರಮವಿದೆ, ಲೆಕ್ಕವಿದೆ, ಆತ್ಮನಿಗ್ರಹವಿದೆ. ಕೂಡಿಹಾಕಿದ ಹಣ ಮಾತ್ರ ಇಲ್ಲ. ವಾದವು ಬಯಸುವ ಗುಣಗಳೆಲ್ಲ ಇದ್ದೂ ಅದು ನಿರೀಕ್ಷಿಸುವ ಫಲವು ಕಾಣುವುದಿಲ್ಲ. ಬೆಳಗಿನ ಅತ್ಯುತ್ತಮ ಹೊತ್ತನ್ನು ಅವನು ಬರವಣಿಗೆಗೆ ಕೊಟ್ಟನು, ಕಾಸನ್ನು ಪುಸ್ತಕಗಳಿಗೂ ಬಡವರ ಪೆಟ್ಟಿಗೆಗೂ ಕೊಟ್ಟನು, ಐಶ್ವರ್ಯವನ್ನು ಗುರುತೆಂದಲ್ಲ, ಉರುಳೆಂದು ಭಾವಿಸಿದನು. ಸೀವರನು ತನ್ನ ಗ್ರಂಥದಲ್ಲಿ ಇದನ್ನು ಎತ್ತಿ ತೋರಿಸಿರುವುದು ಯುಕ್ತವಾಗಿದೆ. ಒಬ್ಬ ಮರ ಕಡೆಯುವವನಿಂದ ವೇಬರನ ಸಿದ್ಧಾಂತವು ಬೀಳುವುದಿಲ್ಲವೆಂಬುದು ದಿಟ; ಸಿದ್ಧಾಂತವು ಒಂದೊಂದು ವ್ಯಕ್ತಿಯ ವಿಷಯವಾದುದಲ್ಲ. ಆದರೆ ಉಪದೇಶವನ್ನು ಓದಿ ಶ್ರೋತೃಗಳ ಮನಸ್ಸನ್ನು ಊಹಿಸುವ ಮಾರ್ಗವು ಎಷ್ಟು ಅಪಾಯಕರವೆಂಬುದಕ್ಕೆ ಈ ಏಳು ಪುಸ್ತಕಗಳು ಸಾಕು.

ಅವನ ವಿಶ್ವಾಸವು ಕಾಲಕ್ರಮದಲ್ಲಿ ಬದಲಾಯಿತೆ ಎಂಬ ಪ್ರಶ್ನೆಗೆ ಉಳಿದ ಪುಸ್ತಕಗಳು ಪೂರ್ಣವಾದ ಉತ್ತರವನ್ನು ಕೊಡಲಾರವು. ಕಳೆದುಹೋದ ನಲವತ್ತಮೂರನ್ನು 1654ರ ಸಾರದ ಮೂಲಕವೇ ನೋಡಬೇಕಾಗಿದೆ. ಆ ಸಾರವನ್ನು ಬರೆದವನು 56 ವರ್ಷದ ವೃದ್ಧಪ್ರಾಯನು, ಬರೆಯಲ್ಪಟ್ಟವನು 20 ವರ್ಷದ ಹತಾಶನು. ಆದರೂ ಒಂದು ವ್ಯತ್ಯಾಸವು ಕಾಣುತ್ತದೆ. ಮೊದಲ ವರ್ಷಗಳ ಪಟ್ಟಿಗಳು ತಪ್ಪಿನವು ಮತ್ತು ದಂಡದವು. ಮುಂದಿನ ಪಟ್ಟಿಗಳಲ್ಲಿ ಪಾರಾದುವೇ ಹೆಚ್ಚು: ಬೆಂಕಿಯಿಂದ ಪಾರಾದುದು, ರೋಗದಿಂದ ಪಾರಾದುದು, ಮಗಳು ಸಿಕ್ಕಿದುದು, ಸಾಲಗಾರನು ಒಂದು ದಿನ ತಾಳಿಕೊಂಡುದು. ಆತ್ಮನಿಂದೆಯು ನಿಲ್ಲಲಿಲ್ಲ, ಕಡೆಯವರೆಗೂ ಇದ್ದಿತು. ಆದರೆ ತಾನು ದೇವರಿಗೆ ಎಷ್ಟು ಕೊಡಬೇಕೆಂಬ ಲೆಕ್ಕವನ್ನು ಎಂದಿಗೂ ತೀರಿಸಲಾರದವನು, ತನಗೆ ಎಷ್ಟು ಬಂದಿತೆಂಬ ಲೆಕ್ಕವನ್ನು ಬರೆಯತೊಡಗಿದನು. ಯೌವನದಲ್ಲಿ ಅವನನ್ನು ಸಾವಿನ ಅಂಚಿಗೆ ತಂದ ಪ್ರಶ್ನೆಗೆ ಅವನು ಉತ್ತರವನ್ನು ಕಂಡುಕೊಂಡನೆಂದು ಹೇಳುವುದಕ್ಕೆ ಆಧಾರವಿಲ್ಲ. ಆ ಪ್ರಶ್ನೆಯೊಡನೆ ಬಾಳುವುದನ್ನು ಕಲಿತನೆಂಬುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಬರವಣಿಗೆಯೇ ಆಧಾರವಾಗಿದೆ.

ಬದುಕಿದ ಒಬ್ಬಳೇ ಮಗಳಾದ ಸಾರಾಳು 1647ರಲ್ಲಿ ಜಾನ್ ಹೌಟನ್ ಎಂಬ ಮರ ಕಡೆಯುವವನನ್ನೇ ಮದುವೆಯಾದಳು. ವಾಲಿಂಗ್ಟನ್ನನು 1658ರಲ್ಲಿ ತೀರಿಕೊಂಡನು. ಅದಾದ ಎಂಟು ವರ್ಷಕ್ಕೆ, 1666ರ ಸೆಪ್ಟೆಂಬರಿನಲ್ಲಿ, ಅವನ ಮನೆಯಿದ್ದ ಬೀದಿಗೆ ಕೂಗಳತೆಯಲ್ಲಿರುವ ಪುಡಿಂಗ್ ಲೇನ್ ಎಂಬ ಓಣಿಯ ರೊಟ್ಟಿಯಂಗಡಿಯಲ್ಲಿ ಹುಟ್ಟಿದ ಬೆಂಕಿಯು ಲಂಡನ್ ನಗರವನ್ನೇ ಸುಟ್ಟಿತು. ಈಸ್ಟ್‌ಚೀಪ್ ಬೀದಿಯೂ ಸೇಂಟ್ ಲೆನರ್ಡ್ ದೇವಾಲಯವೂ ಅದರಲ್ಲಿ ಹೋದುವು. ದೇವಾಲಯವನ್ನು ಮತ್ತೆ ಕಟ್ಟಲಿಲ್ಲ. ಜೀವಮಾನವೆಲ್ಲ ಬೆಂಕಿಗೆ ಹೆದರಿ, ಅದರಿಂದ ಉಳಿದುದನ್ನೆಲ್ಲ ಬರೆದಿಡುತ್ತ ಬಂದವನ ಪುಸ್ತಕಗಳಲ್ಲಿ ಏಳು ಹೇಗೋ ಅದನ್ನು ದಾಟಿ ಬಂದಿವೆ. ಅವುಗಳಲ್ಲಿ ನಾಲ್ಕು ಬ್ರಿಟಿಷ್ ಲೈಬ್ರರಿಗೆ ಸೇರಿವೆ. ಕೃಪೆಗಳ ಪುಸ್ತಕವು ಲಂಡನ್ ನಗರದ ಸಂಗ್ರಹದಲ್ಲಿದೆ. ಒಂದು ಚೆಷೈರ್ ಪ್ರಾಂತದ ಟ್ಯಾಟನ್ ಪಾರ್ಕ್ ಎಂಬ ಮಹಲಿನ ಪುಸ್ತಕಶಾಲೆಯನ್ನು ಸೇರಿದೆ. 1654ರಲ್ಲಿ ಐವತ್ತನ್ನೂ ಎಣಿಸಿ ಬರೆದ ಸಾರದ ಪುಸ್ತಕವು ಸಮುದ್ರವನ್ನು ದಾಟಿ ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ಫೋಲ್ಜರ್ ಷೇಕ್ಸ್‌ಪಿಯರ್ ಲೈಬ್ರರಿಯಲ್ಲಿದೆ.